ಸೀನರಿ ಮೇಷ್ಟ್ರ ಮಯಸಭೆ

ಊರಿಗೊಬ್ಬ ಪುರೋಹಿತನೂ ಒಬ್ಬ ಶಾನುಭೋಗನೂ ಇದ್ದಂತೆ ನಮ್ಮ ಬಯಲುಸೀಮೆಯ ಊರೂರಿಗೂ ಒಬ್ಬ ಸೀನರಿ ಮೇಷ್ಟ್ರು ಇರತಕ್ಕದ್ದೆಂದು ಯಾವ ಸ್ಮೃತಿಯೂ ವಿಧಿಸಿಲ್ಲವಾದರೂ, ಅವರಿಲ್ಲದ ಊರನ್ನು ನಾನಂತೂ ಕಂಡಿಲ್ಲ. ನಮ್ಮ ಮಂಡಿಕಲ್ಲಿನವರು ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಎಡಗಣ್ಣನ್ನು ಮುಚ್ಚಿ, ಹೆಬ್ಬೆರಳನ್ನು ಮುಂದಕ್ಕೆ ಚಾಚಿ, ಜಗತ್ತನ್ನು ಅಳೆಯುವ ಅಭ್ಯಾಸಕ್ಕೆ ಮಾತ್ರ ಇನ್ನೂ ನಿವೃತ್ತಿಯನ್ನು ಕೊಟ್ಟಿಲ್ಲ. ಅಂಗಡಿಯ ಶೆಟ್ಟರು ಬಾಕಿಯ ಪುಸ್ತಕವನ್ನು ಬಿಚ್ಚಿದರೆ, "ತೀರ ಹತ್ತಿರದಿಂದ ನೋಡ್ತಿದ್ದೀರಿ ಶೆಟ್ರೇ, ನಾಲ್ಕು ಹೆಜ್ಜೆ ಹಿಂದಕ್ಕೆ ನಿಂತರೆ ಇಷ್ಟು ದೊಡ್ಡದಾಗಿ ಕಾಣೋದಿಲ್ಲ" ಎಂದು ದೃಶ್ಯಶಾಸ್ತ್ರವನ್ನು ಬೋಧಿಸತಕ್ಕವರು.

ಒಂದು ವರ್ಷ ಶ್ರೀರಾಮನವಮಿಗೆ ದ್ರೌಪದೀ ವಸ್ತ್ರಾಪಹರಣವನ್ನು ಆಡುವುದೆಂದು ನಿಶ್ಚಯವಾದಾಗ, ಬಾಡಿಗೆಯ ಪರದೆಗಳು ಬೇಡ, ಮಯಸಭೆಯನ್ನು ತಾವೇ ನಿರ್ಮಿಸುವುದಾಗಿ ಮೇಷ್ಟ್ರು ಘೋಷಿಸಿದರು. ಗುಬ್ಬಿ ಕಂಪನಿಯವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರಲ್ಲವೇ ಎಂದು ಯಾರೋ ನೆನಪಿಸಿದ್ದಕ್ಕೆ, "ಆನೇನ ಆನೆ ಅಂತ ತೋರಿಸೋಕೆ ಮಾವುತ ಸಾಕು, ಕಲಾವಿದ ಯಾಕೆ?" ಎಂದು ಕೇಳಿ ಬಾಯಿ ಮುಚ್ಚಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಳ್ದಣಕರರು ಬರೆದ ದೀಪಧಾರಿಣಿಯ ಮುಂದೆ ತಾವು ಅರ್ಧ ದಿವಸ ನಿಂತು, ಆ ಬೆಳಕು ಚಿತ್ರದ ಹಿಂದೆ ಇಟ್ಟದ್ದಲ್ಲ, ಬರಿಯ ನೀರುಬಣ್ಣದ್ದೆಂದು ಮನಗಂಡುದನ್ನೂ, ಲೇಪಾಕ್ಷಿಯ ತೂಗುಗಂಬದ ಅಡಿಯಲ್ಲಿ ಹೆಗಲ ಮೇಲಣ ಟವಲನ್ನು ತೂರಿಸಿ ತೆಗೆದುದನ್ನೂ (ಟವಲು ಅದೇ, ಇಂದಿಗೂ ಒಗೆಸಿಲ್ಲ) ವಿವರಿಸಿದ ಬಳಿಕ, ಅರಳಿಕಟ್ಟೆಯ ಕಲ್ಲುಚಪ್ಪಡಿಯ ಮೇಲೆ ಸೀಮೆಸುಣ್ಣದಿಂದ ಯೋಜನೆಯನ್ನು ಬರೆಯಲಾರಂಭಿಸಿದರು.

ಹಿಂದೆ ಹಿಂದೆ ಹೋದಂತೆ ಕುಳ್ಳಾಗುವ ಕಂಬಸಾಲು, ಹಿಂದಕ್ಕೆ ಏರುತ್ತ ಹೋಗುವ ನೆಲ, ಆ ನೆಲದ ಮೇಲೆ ಹಾಸಿದ ಗಾಡಾ ಬಟ್ಟೆಯಲ್ಲಿ ಬರೆದ ಕೊಳ. ಎಲ್ಲ ಗೆರೆಗಳೂ ಹೋಗಿ ಒಂದೇ ಬಿಂದುವಿನಲ್ಲಿ ಸೇರುವುದರಿಂದ, ನೋಡುವ ಕಣ್ಣೂ ಒಂದೇ ನೆಲೆಯಲ್ಲಿರಬೇಕು.

"ಅಂದ್ರೆ ಎಲ್ಲರಿಗೂ ಕಾಣೋದಿಲ್ವಾ ಮೇಷ್ಟ್ರೇ?"

"ಎಲ್ಲರಿಗೂ ಕಾಣುತ್ತೆ ಗೌಡ್ರೇ. ನೀರಾಗಿ ಕಾಣೋದು ಮಾತ್ರ ಒಂದೇ ಕುರ್ಚಿಗೆ. ಅದೂ ಒಂದು ಕಣ್ಣು ಮುಚ್ಚಿಕೊಂಡರೆ."

ಯೂರೋಪಿನ ಅರಮನೆಯ ನಾಟಕಶಾಲೆಗಳಲ್ಲಿಯೂ ಹೀಗೆ ಬರೆದ ದೃಶ್ಯಗಳು ನಿರ್ದುಷ್ಟವಾಗಿ ಕಾಣುತ್ತಿದ್ದುದು ದೊರೆಯ ಪೀಠವೊಂದಕ್ಕೆ ಮಾತ್ರ. ಆದರೆ ಅಲ್ಲಿ ಇದ್ದವನು ಒಬ್ಬ ದೊರೆ, ಮಂಡಿಕಲ್ಲಿನಲ್ಲಿ ಚಂದಾ ಕೊಟ್ಟವರೆಲ್ಲರೂ ದೊರೆಗಳು. ದ್ರಾಕ್ಷಿತೋಟದ ಗೌಡರು ಕುರ್ಚಿ ತಮ್ಮದೆಂದರು. ಶಾಮಿಯಾನದ ಖರ್ಚನ್ನು ವಹಿಸಿದ್ದ ಶಿಡ್ಲಘಟ್ಟದ ರೀಲರು ತಮ್ಮದೆಂದರು. ಚಿಂತಾಮಣಿಯ ಟೊಮೆಟೊ ಮಂಡಿಯ ಸಾಹುಕಾರರು ಬಾಯಿಬಿಟ್ಟು ಏನನ್ನೂ ಅನ್ನದೆ, ಕೊಟ್ಟ ಹಣವನ್ನು ಮತ್ತೊಮ್ಮೆ ಜ್ಞಾಪಿಸಿದರು. ಗಳಿಗೆಗೊಬ್ಬರಂತೆ ಸರದಿಯ ಮೇಲೆ ಕೂರಬಹುದೆಂಬ ಸಲಹೆಯೂ, ಸರದಿಯಲ್ಲಿ ಮೊದಲಿಗರು ಯಾರೆಂಬ ಜಗಳವೂ ಒಟ್ಟಿಗೇ ಹುಟ್ಟಿದವು. ಮೂರು ಸಭೆಗಳಾದ ಮೇಲೆ, ಕುರ್ಚಿಯನ್ನು ಹಾಕತಕ್ಕದ್ದೆಂದೂ, ಅದರಲ್ಲಿ ಯಾರೂ ಕೂರತಕ್ಕದ್ದಲ್ಲವೆಂದೂ ಸರ್ವಾನುಮತದ ನಿರ್ಣಯವಾಯಿತು. ಮೇಷ್ಟ್ರು ಚಕಾರವೆತ್ತದೆ ಒಪ್ಪಿದರು. ಯೋಜನೆ ಕೆಡದಿದ್ದರೆ ಸಾಕು, ಫಲವನ್ನು ಅವರು ಎಂದೂ ಬಯಸಿದವರಲ್ಲ.

ನಾಟಕದ ರಾತ್ರಿ ದುರ್ಯೋಧನನು ರಂಗಕ್ಕೆ ಬಂದಾಗ, ಅಕ್ಕಪಕ್ಕದ ಸಾಲುಗಳಿಗೆ ಆ ಕೊಳವು ಒಣಹಾಕಿದ ನೀಲಿ ಸೀರೆಯಂತೆ ಕಂಡು ಜನ ನಕ್ಕರು. ಅಷ್ಟರಲ್ಲಿ, ಕಣ್ಣಿನ ಪೊರೆ ತೆಗೆಸಿಕೊಂಡು ಒಂದು ಕಣ್ಣಿಗೆ ಹಸುರು ಬಟ್ಟೆ ಕಟ್ಟಿಕೊಂಡಿದ್ದ ಮುದುಕಿಯೊಬ್ಬಳು, ಎಲ್ಲಿಯೂ ಜಾಗ ದೊರೆಯದೆ, ಸಭೆಯ ನಿರ್ಣಯವನ್ನು ಅರಿಯದವಳಾದ್ದರಿಂದ, ಆ ಖಾಲಿ ಕುರ್ಚಿಯಲ್ಲಿ ಹೋಗಿ ಕುಳಿತಳು. ಎಬ್ಬಿಸಲು ನಾಲ್ವರು ಎದ್ದರು. ಆಕೆ ರಂಗದ ಕಡೆ ಒಂದು ಕ್ಷಣ ನೋಡಿ, "ಅಯ್ಯೋ, ನೀರು ಇತ್ಲಾಗೇ ಬರ್ತೈತಲ್ಲಪ್ಪ!" ಎಂದು ಸೀರೆಯ ನೆರಿಗೆಯನ್ನು ಹಿಡಿದೆತ್ತಿ, ಎರಡೂ ಪಾದಗಳನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡಳು.

ದ್ರೌಪದಿ ನಕ್ಕದ್ದನ್ನಾಗಲಿ, ಭೀಮ ಶಪಥ ಮಾಡಿದ್ದನ್ನಾಗಲಿ ಮೇಷ್ಟ್ರು ಆ ರಾತ್ರಿ ಕಾಣಲಿಲ್ಲ. ಪರದೆಯ ಸಂದಿಯಲ್ಲಿ ನಿಂತು, ಎಡಗಣ್ಣನ್ನು ಮುಚ್ಚುವುದನ್ನೂ ಮರೆತು, ಬೆಳಗಿನ ಜಾವದವರೆಗೆ ಆ ಎರಡು ಪಾದಗಳನ್ನೇ ನೋಡುತ್ತಿದ್ದರು.