ಮೊದಲ ಮುದ್ರಣ, ಹೊದಿಕೆ ಸಮೇತ

ರೇಮಂಡ್ ಚಾಂಡ್ಲರನ ‘ದಿ ಬಿಗ್ ಸ್ಲೀಪ್’ ಕಾದಂಬರಿಯಲ್ಲಿ ಪತ್ತೇದಾರ ಫಿಲಿಪ್ ಮಾರ್ಲೋ ಹಾಲಿವುಡ್ಡಿನ ಒಂದು ಅಪರೂಪದ ಪುಸ್ತಕಗಳ ಅಂಗಡಿಗೆ ಹೋಗುತ್ತಾನೆ. ಹೋಗುವ ಮುನ್ನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು, ಹೆಸರಾಂತ ಮೊದಲ ಮುದ್ರಣಗಳ ಬಗ್ಗೆ ಇರುವ ಒಣಕಲು ಗ್ರಂಥವೊಂದನ್ನು ಮಗುಚಿ ಹಾಕುತ್ತಾನೆ. ಅರ್ಧ ಗಂಟೆಗೇ ಸಾಕುಸಾಕಾಗಿ ಊಟ ನೆನಪಾಗುತ್ತದೆ. ಆಮೇಲೆ ಕಪ್ಪು ಕನ್ನಡಕ ಏರಿಸಿ, ದನಿ ಸಣ್ಣ ಮಾಡಿಕೊಂಡು ಅಂಗಡಿಯ ಹೆಂಗಸನ್ನು ಕೇಳುತ್ತಾನೆ: ‘ಬೆನ್‌ಹರ್’ 1860 ಇದೆಯಾ? ಮೂರನೇ ಮುದ್ರಣ, 116ನೇ ಪುಟದಲ್ಲಿ ಅಚ್ಚಿನ ತಪ್ಪಿರುತ್ತದಲ್ಲ, ಅದು? ಆಕೆ ಸದ್ಯಕ್ಕಿಲ್ಲ ಅನ್ನುತ್ತಾಳೆ. ‘ಬೆನ್‌ಹರ್’ ಅಚ್ಚಾಗಿದ್ದೇ 1880ರಲ್ಲಿ! ಅಲ್ಲಿಗೆ ಮಾರ್ಲೋಗೆ ಗೊತ್ತಾಗಿಹೋಗುತ್ತದೆ, ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯುತ್ತಿರುವ ವ್ಯಾಪಾರವೇ ಬೇರೆ.

ಇದನ್ನು ಓದಿದಾಗಲೆಲ್ಲ ಚಾಂಡ್ಲರ್ ನಮ್ಮ ಪೈಕಿಯ ಒಬ್ಬನನ್ನು ಎಲ್ಲೋ ಕಣ್ಣಾರೆ ನೋಡಿರಬೇಕು ಅನ್ನಿಸುತ್ತದೆ. ಒಂದು ಇಸವಿ, ಒಂದು ಪುಟಸಂಖ್ಯೆ, ಒಂದು ಅಚ್ಚಿನ ತಪ್ಪು, ಸ್ವಲ್ಪ ಕೀರಲು ದನಿ: ಸಂಗ್ರಾಹಕನ ವೇಷಕ್ಕೆ ಇನ್ನೇನೂ ಬೇಕಿಲ್ಲ. ತಮಾಷೆಯೆಂದರೆ, ನಮ್ಮನ್ನು ಹೀಗೆ ಆಡಿಕೊಂಡ ಆ ಕಾದಂಬರಿಯ 1939ರ ಮೊದಲ ಮುದ್ರಣವನ್ನೇ ಈಗ ಜಗತ್ತಿನಾದ್ಯಂತ ಜನ ಅದೇ ದನಿಯಲ್ಲಿ ಕೇಳಿಕೊಂಡು ಓಡಾಡುತ್ತಿದ್ದಾರೆ. ಬಾಯಲ್ಲಿ ಸಿಗರೇಟು, ಕೋಟಿನೊಳಗೆ ಬಾಟಲಿ, ಜೇಬಲ್ಲಿ ದುಡ್ಡಿಲ್ಲದ ಪತ್ತೇದಾರರ ಕಥೆಗಳಿವು. ಅವನ್ನು ಕೊಳ್ಳಲು ಮಾತ್ರ ಜೇಬು ಭಾರವಾಗಿರಬೇಕು.

ಮೊದಲ ಮುದ್ರಣ ಅಂದರೆ ಯಾವುದು? ಸಲೀಸಾದ ಪ್ರಶ್ನೆ ಅಂದುಕೊಂಡೇ ನಾನೂ ಈ ಹುಚ್ಚಿಗೆ ಇಳಿದದ್ದು. ‘ದಿ ಬಿಗ್ ಸ್ಲೀಪ್’ ಹಕ್ಕುಸ್ವಾಮ್ಯದ ಪುಟದಲ್ಲಿ ‘ಫಸ್ಟ್ ಎಡಿಷನ್’ ಎಂದೇ ಅಚ್ಚಾಗಿದೆ, ಅಲ್ಲಿಗೆ ಮುಗಿಯಿತು. ಎಲ್ಲವೂ ಹಾಗಲ್ಲ. ಚಾಂಡ್ಲರ್ ಬರೆದದ್ದೆಲ್ಲ ಲಾಸ್ ಏಂಜಲೀಸಿನ ಬಿಸಿಲು, ಧೂಳು, ಸುಳ್ಳುಗಳ ಬಗ್ಗೆ. ಆದರೆ ಅವನ ‘ದಿ ಲಿಟಲ್ ಸಿಸ್ಟರ್’ 1949ರಲ್ಲಿ ಮೊದಲು ಬೆಳಕು ಕಂಡದ್ದು ಲಂಡನ್ನಿನಲ್ಲಿ, ಹ್ಯಾಮಿಶ್ ಹ್ಯಾಮಿಲ್ಟನ್ ಪ್ರಕಾಶನದಿಂದ. ‘ದಿ ಲಾಂಗ್ ಗುಡ್‌ಬೈ’ ಕೂಡ 1953ರಲ್ಲಿ ಅಲ್ಲೇ ಮೊದಲು. ಅಮೆರಿಕಕ್ಕೆ ಬಂದದ್ದು ಮರುವರ್ಷ. ಡ್ಯಾಶಿಯಲ್ ಹ್ಯಾಮೆಟನ ‘ದಿ ಗ್ಲಾಸ್ ಕೀ’ ಕಥೆಯೂ ಅಷ್ಟೇ. ಅಮೆರಿಕದ ಪ್ರತಿಯನ್ನು ಎದೆಗವಚಿಕೊಂಡು ಬಂದವನಿಗೆ ಗೆಳೆಯನೊಬ್ಬ ತಣ್ಣಗೆ, “ಲಂಡನ್ನಿಂದು ಮೊದಲು ಕಣಯ್ಯ” ಎಂದು ಹೇಳುವಾಗ ಆ ಮುಖದಲ್ಲಿ ಕಾಣುವ ಸಂತೋಷವನ್ನು ಮಾರ್ಲೋ ಕೂಡ ಪತ್ತೆ ಹಚ್ಚಲಾರ.

ಇನ್ನೂ ಹಿಂದಕ್ಕೆ ಹೋಗುವವರಿದ್ದಾರೆ. ಹ್ಯಾಮೆಟನ ‘ದಿ ಮಾಲ್ಟೀಸ್ ಫಾಲ್ಕನ್’ ಪುಸ್ತಕವಾಗಿ ಬಂದದ್ದು 1930ರ ಫೆಬ್ರುವರಿಯಲ್ಲಿ, ಕ್ನಾಫ್ ಪ್ರಕಾಶನದಿಂದ. ಅದಕ್ಕೂ ಮುಂಚೆ, 1929ರ ಸೆಪ್ಟೆಂಬರಿನಿಂದ ಐದು ತಿಂಗಳು ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿತ್ತು. ಎಚ್.ಎಲ್. ಮೆಂಕೆನ್ ಮತ್ತು ಜಾರ್ಜ್ ಜೀನ್ ನೇಥನ್ ಎಂಬ ಘನ ವಿಮರ್ಶಕರಿಬ್ಬರು ತಮ್ಮ ಗಂಭೀರ ಪತ್ರಿಕೆಯ ನಷ್ಟ ತುಂಬಿಸಲು 1920ರಲ್ಲಿ ಶುರುಮಾಡಿ, ಕೆಲವೇ ತಿಂಗಳಲ್ಲಿ ಲಾಭಕ್ಕೆ ಮಾರಿ ಕೈತೊಳೆದುಕೊಂಡ ಪತ್ರಿಕೆ ಇದು. ಹಾಗಾದರೆ ನಿಜವಾದ ಮೊದಲು ಆ ಐದು ಸಂಚಿಕೆಗಳಲ್ಲವೇ ಎನ್ನುತ್ತಾರೆ ಕಟ್ಟಾ ಸಂಪ್ರದಾಯಸ್ಥರು. ಆ ಪತ್ರಿಕೆಯ ಒಂದು ಸಂಚಿಕೆ ಕ್ಯಾಲಿಫೋರ್ನಿಯಾದ ಗೆಳೆಯನೊಬ್ಬನ ಮನೆಯಲ್ಲಿ ನನ್ನ ಕೈಗೂ ಬಂದಿತ್ತು. ಅಗ್ಗದ ಮರದ ತಿರುಳಿನ ಕಾಗದ, ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಉಸಿರು ಬಿಗಿಹಿಡಿದು ಒಂದೇ ಒಂದು ಹಾಳೆ ತಿರುವಿದೆ. ಅಂಚು ಮುರಿದು ಪುಡಿಪುಡಿಯಾಗಿ ಪ್ಯಾಂಟಿನ ಮೇಲೆ ಉದುರಿತು. ಗೆಳೆಯ ಏನೂ ಅನ್ನಲಿಲ್ಲ. ಎದ್ದು ಹೋಗಿ ಒಂದು ಲಕೋಟೆ ತಂದು, ಆ ಪುಡಿಯನ್ನು ನನ್ನ ಪ್ಯಾಂಟಿನಿಂದ ಅದರೊಳಕ್ಕೆ ಮೆಲ್ಲಗೆ ತಟ್ಟಿಕೊಂಡ.

ಇದೆಲ್ಲ ಒಂದು ತೂಕ, ಹೊದಿಕೆಯೇ ಒಂದು ತೂಕ. ಪುಸ್ತಕದ ರಟ್ಟಿನ ಮೇಲೆ ಸುತ್ತಿರುವ ಬಣ್ಣದ ಕಾಗದ, ಡಸ್ಟ್ ಜಾಕೆಟ್. ಮೂವತ್ತರ ದಶಕದ ಅಮೆರಿಕದಲ್ಲಿ ಅದಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. ಮನೆಗೆ ತಂದವರು ಕಿತ್ತೆಸೆಯುತ್ತಿದ್ದರು, ಗ್ರಂಥಾಲಯದವರು ಮೊದಲೇ ಎಸೆಯುತ್ತಿದ್ದರು. ಅದರಲ್ಲೂ ಪತ್ತೇದಾರಿ ಕಾದಂಬರಿಯ ಹೊದಿಕೆಯನ್ನು ಯಾರು ಜೋಪಾನ ಮಾಡುತ್ತಾರೆ? ಹಾಗಾಗಿ ಅದೇ ಈಗ ಪುಸ್ತಕಕ್ಕಿಂತ ದೊಡ್ಡದಾಗಿ ಕೂತಿದೆ. ಹೊದಿಕೆಯಿಲ್ಲದ ಹ್ಯಾಮೆಟ್‌ಗೆ ಒಂದು ಬೆಲೆಯಾದರೆ, ಹೊದಿಕೆಯಿದ್ದರೆ ಅದರ ಹತ್ತು ಪಟ್ಟು, ಇಪ್ಪತ್ತು ಪಟ್ಟು. ಹಣ್ಣಿಗೆ ಹತ್ತು ರೂಪಾಯಿ, ಸಿಪ್ಪೆಗೆ ಇನ್ನೂರು. ಹೊದಿಕೆಯ ಒಳಮಡಿಕೆಯ ಮೂಲೆಯಲ್ಲಿ ಅಚ್ಚಾದ ಬೆಲೆಯೂ ಇರಬೇಕು. ಉಡುಗೊರೆ ಕೊಡುವಾಗ ಬೆಲೆ ಕಾಣಬಾರದೆಂದು ಯಾರೋ ಮರ್ಯಾದಸ್ಥರು ಎಂದೋ ಆ ಮೂಲೆಯನ್ನು ಕತ್ತರಿಸಿದ್ದರೆ, ಇಂದಿನ ಬೆಲೆಗೂ ಅಷ್ಟೇ ಚೆನ್ನಾಗಿ ಕತ್ತರಿ ಬೀಳುತ್ತದೆ.

ನಮ್ಮ ಕಡೆ ಹೊದಿಕೆಯ ಸಮಸ್ಯೆಯೇ ಬೇರೆ ಇತ್ತು. ನಾನು ಕಾಲೇಜಿನಲ್ಲಿದ್ದಾಗ ರೈಲ್ವೆ ಸ್ಟೇಷನ್ನಿನ ಪುಸ್ತಕದ ಗೂಡಿನಲ್ಲಿ ಜೇಮ್ಸ್ ಹ್ಯಾಡ್ಲಿ ಚೇಸ್ ಸಾಲುಸಾಲಾಗಿ ನಿಂತಿರುತ್ತಿದ್ದ. ನನಗೆ ದೀಕ್ಷೆ ಕೊಟ್ಟ ಗುರು ಅವನೇ. ಗುರುವೂ ನಕಲಿ ಅಮೆರಿಕನ್ನೇ ಅನ್ನಿ: ರೆನೆ ರೇಮಂಡ್ ಎಂಬ ಇಂಗ್ಲಿಷಿನವನು, ಪುಸ್ತಕದ ವ್ಯಾಪಾರದಲ್ಲಿದ್ದವನು, ಅಮೆರಿಕನ್ ಬೀದಿಮಾತಿನ ನಿಘಂಟು ಮತ್ತು ನಕಾಶೆಗಳನ್ನು ಮುಂದಿಟ್ಟುಕೊಂಡು ಗೂಂಡಾಗಳ ಲೋಕ ಸೃಷ್ಟಿಸಿದ. ಅವನ ಪೇಪರ್‌ಬ್ಯಾಕ್ ಮುಖಪುಟಗಳ ಮೇಲೆ ಬಟ್ಟೆಗೆ ಬರ ಬಂದ ಹೆಂಗಸೊಬ್ಬಳು ಇರಲೇಬೇಕು, ಕಥೆಯಲ್ಲಿ ಇರಲಿ ಬಿಡಲಿ. ಅದನ್ನು ಮನೆಯೊಳಗೆ ಒಯ್ಯುವುದು ಹೇಗೆ? ನ್ಯೂಸ್‌ಪೇಪರಿನ ಬೈಂಡ್ ಹಾಕಿ. ಅಪ್ಪ ಕೇಳಿದರೆ “ಇಂಗ್ಲಿಷ್ ಇಂಪ್ರೂವ್ ಆಗ್ಲಿ ಅಂತ” ಎಂಬ ಉತ್ತರ ಬಾಯಲ್ಲೇ ಇರುತ್ತಿತ್ತು. ಅಪ್ಪನ ಕೈಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ, ಅದಕ್ಕೆ ಬೈಂಡ್ ಬೇಕಿರಲಿಲ್ಲ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ನರಸಿಂಹಯ್ಯನವರ ಪುಸ್ತಕಗಳ ಮೊದಲ ಮುದ್ರಣಗಳನ್ನು ಈಗ ಹುಡುಕಿಕೊಂಡು ಹೊರಡಿ ನೋಡೋಣ. ಸರ್ಕ್ಯುಲೇಟಿಂಗ್ ಲೈಬ್ರರಿಯವರು ದಬ್ಬಳದಲ್ಲಿ ತೂತು ಕೊರೆದು, ದಾರ ಬಿಗಿದು, ಪುಟಪುಟಕ್ಕೂ ಮೊಹರು ಒತ್ತಿ, ಕೊನೆಗೆ ತೂಕಕ್ಕೆ ಹಾಕಿದರು. ಹ್ಯಾಮೆಟನೇ ಎಷ್ಟೋ ಸುಲಭವಾಗಿ ಸಿಗುತ್ತಾನೆ.

ಹಾಗೆಂದು ಸಿಕ್ಕಿದ್ದೆಲ್ಲ ಸಿಕ್ಕಿದ್ದಲ್ಲ. ಬುಕ್ ಕ್ಲಬ್ಬಿನವರು ತಮ್ಮ ಸದಸ್ಯರಿಗಾಗಿ ಅಗ್ಗದಲ್ಲಿ ಮುದ್ರಿಸಿದ ಪ್ರತಿಗಳು ದೂರದಿಂದ ಥೇಟ್ ಮೊದಲ ಮುದ್ರಣದಂತೆಯೇ ಕಾಣುತ್ತವೆ. ಎಷ್ಟೋ ಬಾರಿ ಹಿಂಬದಿಯ ರಟ್ಟಿನ ಕೆಳಮೂಲೆಯಲ್ಲಿ, ಬಣ್ಣವಿಲ್ಲದೆ ಒತ್ತಿದ ಒಂದು ಸಣ್ಣ ಕುಳಿ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುವ ಗುರುತು ಅದು. ಹಳೇ ಪುಸ್ತಕದಂಗಡಿಯಲ್ಲಿ ಯಾರಾದರೂ ಪುಸ್ತಕವನ್ನು ತೆರೆಯದೆ, ಕಣ್ಣು ಅರೆಮುಚ್ಚಿ, ಹಿಂದಿನ ರಟ್ಟನ್ನು ಹೆಬ್ಬೆರಳಿನಿಂದ ಸವರುತ್ತಿದ್ದರೆ ಗಾಬರಿಯಾಗಬೇಡಿ. ಅವರು ನಮ್ಮವರು.

ಓದಿದರೆ ಬೆಲೆ ಇಳಿಯುತ್ತದೆ ಎಂಬುದು ಈ ಮತದ ಕಡುಕಷ್ಟದ ತತ್ವ. 1950ರಿಂದ ಗೋಲ್ಡ್ ಮೆಡಲ್‌ನಂಥ ಪ್ರಕಾಶನಗಳು ಹೊಸ ಕಾದಂಬರಿಗಳನ್ನು ನೇರವಾಗಿ ಪೇಪರ್‌ಬ್ಯಾಕ್‌ನಲ್ಲೇ ತಂದವು, ಇಪ್ಪತ್ತೈದು ಸೆಂಟಿಗೆ ಒಂದು. ಜಿಮ್ ಥಾಂಪ್ಸನ್‌ನ ‘ದಿ ಕಿಲ್ಲರ್ ಇನ್‌ಸೈಡ್ ಮಿ’ 1952ರಲ್ಲಿ ಬಂದದ್ದು ಹಾಗೇ, ಲಯನ್ ಬುಕ್ಸ್‌ನಿಂದ. ಬಸ್ ಸ್ಟ್ಯಾಂಡಿನಲ್ಲಿ ಕೊಂಡು, ಓದಿ, ಸೀಟಿನ ಮೇಲೇ ಬಿಟ್ಟು ಇಳಿಯಲೆಂದು ಮಾಡಿದ ಪುಸ್ತಕ. ಈಗ ಅದರ ಬೆನ್ನಿನ ಮೇಲೆ ಗೆರೆ ಬಿದ್ದಿರಬಾರದು. ಓದಿದರೆ ಗೆರೆ ಬೀಳುತ್ತದೆ. ಅಂದರೆ ಮೊದಲು ಕೊಂಡವನಿಗೆ ಪುಸ್ತಕ ಹಿಡಿಸಿರಬಾರದು. ಸಂಗ್ರಾಹಕನ ದೃಷ್ಟಿಯಲ್ಲಿ ಉತ್ತಮ ಓದುಗನೆಂದರೆ ಮೊದಲ ಪುಟಕ್ಕೇ ನಿದ್ದೆ ಹೋದವನು.

ನನ್ನ ಸಂಗ್ರಹದ ಕಿರೀಟ ಲಂಡನ್ನಿನ ಆ 1949ರ ‘ಲಿಟಲ್ ಸಿಸ್ಟರ್’, ಹೊದಿಕೆಯಿಲ್ಲದ್ದು. ಹೊದಿಕೆಯಿದ್ದದ್ದಕ್ಕೆ ನನ್ನ ಪಿಂಚಣಿ ಒಪ್ಪಲಿಲ್ಲ. ಅದಕ್ಕೆಂದೇ ಹಳೆಯ ಹೊದಿಕೆಗಳ ತದ್ರೂಪು ಮುದ್ರಿಸಿ ಮಾರುವವರಿದ್ದಾರೆ, ಅದನ್ನೂ ತರಿಸಿದೆ. ಪುಸ್ತಕ ಒಂದು ಡಬ್ಬದಲ್ಲಿ, ಹೊದಿಕೆ ಸುರುಳಿ ಸುತ್ತಿ ಇನ್ನೊಂದು ಕೊಳವೆಯಲ್ಲಿ, ಒಂದೇ ವಾರ ಬಂದಿಳಿದವು. ಬಿಡಿಸಿಕೊಳ್ಳಲು ಕಸ್ಟಮ್ಸ್ ಕಚೇರಿಗೆ ಹೋದರೆ, ಎರಡನ್ನೂ ಮುಂದಿಟ್ಟುಕೊಂಡು ಅಧಿಕಾರಿಗಳು ಕೂತಿದ್ದರು.

“ಹಳೇ ಪುಸ್ತಕಕ್ಕೆ ಇಷ್ಟು ದುಡ್ಡಾ ಸ್ವಾಮಿ? ಇದೇನು, ಧರ್ಮಗ್ರಂಥಾನಾ?”

“ಅಲ್ಲ ಸಾರ್. ಕೊಲೆ ಕಥೆ.”

“ಈ ಕೊಳವೆಯಲ್ಲಿರೋದು?”

“ಅದು ಅದರ ಹೊದಿಕೆ.”

“ಎರಡೂ ಯಾಕೆ ಬೇರೆ ಬೇರೆ ಬಂದಿದಾವೆ?”

“ಪುಸ್ತಕ ಅಸಲಿ ಸಾರ್, ಹೊದಿಕೆ ನಕಲಿ.”

ನಕಲಿ ಎಂಬ ಮಾತು ಕೇಳಿ ಪಕ್ಕದ ಮೇಜಿನವರೂ ತಲೆಯೆತ್ತಿದರು. ಅಧಿಕಾರಿಗಳು ಪುಸ್ತಕವನ್ನು ತಲೆಕೆಳಗೆ ಹಿಡಿದು ಝಾಡಿಸಿದರು. ಏನೂ ಬೀಳಲಿಲ್ಲ. ರಟ್ಟನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಆಮೇಲೆ ಡ್ರಾಯರಿನಿಂದ ಕಾಗದ ಕತ್ತರಿಸುವ ಚಾಕು ತೆಗೆದು, ರಟ್ಟಿಗೆ ಅಂಟಿಸಿದ ಒಳಹಾಳೆಯ ಅಂಚಿಗೆ ಇಟ್ಟರು. ನನ್ನ ಗಂಟಲಿನಿಂದ ಹೊರಟದ್ದು ಥೇಟ್ ಮಾರ್ಲೋನ ಕೀರಲು ದನಿ. ನಾನು ಅಭಿನಯಿಸುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅವರು ಚಾಕು ಕೆಳಗಿಟ್ಟು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಕಳ್ಳಸಾಗಣೆ ಮಾಡುವಷ್ಟು ಧೈರ್ಯದ ಆಸಾಮಿಯಲ್ಲ ಎಂದು ತೀರ್ಮಾನಿಸಿ ರಸೀದಿ ಹರಿದರು.

ಆ ಚಾಕುವನ್ನು ನಾನು ಮೊದಲೇ ಕಂಡಿದ್ದೆ, ‘ಮಾಲ್ಟೀಸ್ ಫಾಲ್ಕನ್’ನಲ್ಲಿ. ಅಲ್ಲಿ ಗಟ್‌ಮನ್ ಎಂಬ ದಡೂತಿ ಮನುಷ್ಯ ರತ್ನಖಚಿತ ಚಿನ್ನದ ಗಿಡುಗನ ಬೊಂಬೆಯೊಂದರ ಹಿಂದೆ ಹದಿನೇಳು ವರ್ಷ ಊರೂರು ಅಲೆದಿದ್ದಾನೆ. ಯಾರ ಕಣ್ಣಿಗೂ ಬೀಳಬಾರದೆಂದು ಅದಕ್ಕೆ ಕಪ್ಪು ಬಳಿದಿದ್ದಾರೆಂಬುದು ಅವನ ನಂಬಿಕೆ. ಕೊನೆಗೆ ಹಕ್ಕಿ ಕೈಗೆ ಬರುತ್ತದೆ. ಚಾಕುವಿನಿಂದ ಕಪ್ಪನ್ನು ಕೆರೆದು ನೋಡಿದರೆ ಒಳಗೆ ಸೀಸ! ಜೊತೆಗಾರ ಗೊಳೋ ಎಂದು ಅಳುತ್ತಾನೆ. ಗಟ್‌ಮನ್ ಮಾತ್ರ ಕ್ಷಣಹೊತ್ತು ಬೆವೆತು, ಸಾವರಿಸಿಕೊಂಡು, ಅಸಲಿ ಹಕ್ಕಿ ಇನ್ನೂ ಕಾನ್‌ಸ್ಟಾಂಟಿನೋಪಲ್‌ನಲ್ಲೇ ಇರಬೇಕು, ನಡಿ ಹೋಗೋಣ ಅನ್ನುತ್ತಾನೆ. ವಿಮರ್ಶಕರು ಇದನ್ನು ದುರಾಸೆಯ ಚಿತ್ರಣ ಎನ್ನುತ್ತಾರೆ. ಅವರು ಯಾರೂ ಹಳೇ ಪುಸ್ತಕದ ಕ್ಯಾಟಲಾಗ್ ತರಿಸಿದವರಲ್ಲ.

ಈ ಹುಚ್ಚು ಕಾದಂಬರಿಯ ಒಳಗಷ್ಟೇ ನಿಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಬರಿಟ್ ಸ್ಟ್ರೀಟಿನಲ್ಲಿ, ಕಥೆಯ ಮೊದಲ ಕೊಲೆ ನಡೆದ ಜಾಗ ಇದೇ ಎಂದು ಫಲಕ ಹಾಕಿದ್ದಾರೆ. ನಡೆಯದ ಕೊಲೆಗೆ ಜಾಗ ಗೊತ್ತುಮಾಡಿದ್ದಲ್ಲದೆ, ಕೊಂದವರ ಹೆಸರನ್ನೂ ಬರೆದು ಪುಸ್ತಕ ಓದದವರ ಪಾಲಿನ ಮಜಾ ಕೆಡಿಸಿದ್ದಾರೆ. ಅದೇ ಊರಿನ ಜಾನ್ಸ್ ಗ್ರಿಲ್ ಹೋಟೆಲಿನಲ್ಲಿ ಹಕ್ಕಿಯ ಪ್ರತಿಕೃತಿಯೊಂದನ್ನು ಕಪಾಟಿನಲ್ಲಿ ಇಟ್ಟಿದ್ದರು. 2007ರಲ್ಲಿ ಅದನ್ನು ಯಾರೋ ಕದ್ದೊಯ್ದರು. ನಕಲಿ ಹಕ್ಕಿಯ ನಕಲಿಗೂ ಕಳ್ಳರು! 1941ರ ಸಿನಿಮಾಕ್ಕೆಂದು ಮಾಡಿಸಿದ ಹಕ್ಕಿಯೊಂದು 2013ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ನಲವತ್ತು ಲಕ್ಷ ಡಾಲರಿಗೂ ಮೇಲೆ ಹೋಯಿತು. ಅದೂ ಸೀಸದ್ದೇ. ಗಟ್‌ಮನ್ ಇನ್ನಷ್ಟು ದಿನ ತಾಳಿಕೊಂಡು ಅದೇ ಸೀಸದ ಹಕ್ಕಿಯನ್ನು ಇಟ್ಟುಕೊಂಡಿದ್ದರೆ ಸಾಕಿತ್ತು. ಪಾಪ, ಅವನನ್ನು ಅವನ ಹುಡುಗನೇ ಗುಂಡಿಟ್ಟು ಕೊಂದ.

ನನ್ನ ಕಾನ್‌ಸ್ಟಾಂಟಿನೋಪಲ್ ಸದ್ಯಕ್ಕೆ ಲಂಡನ್ನಿನ ಸೆಸಿಲ್ ಕೋರ್ಟ್. ಚೇರಿಂಗ್ ಕ್ರಾಸ್ ರಸ್ತೆಯ ಮಗ್ಗುಲಿನ ಆ ಗಲ್ಲಿಯಲ್ಲಿ ಎರಡೂ ಬದಿಗೆ ಹಳೇ ಪುಸ್ತಕದ ಅಂಗಡಿಗಳು. ಅಲ್ಲೊಂದು ಕಡೆ ‘ಲಾಂಗ್ ಗುಡ್‌ಬೈ’ ಇದೆ ಎಂದು ಸುದ್ದಿ. ಹೊದಿಕೆ ಇದೆಯಂತೆ, ಮೇಲೆ ಕೊಂಚ ಹರಿದಿದೆಯಂತೆ, ಬೆಲೆಯ ಮೂಲೆ ಕತ್ತರಿಸಿದ್ದಾರಂತೆ. ಈ ಮೂರು ಊನಗಳಿಂದಾಗಿ ಅದು ನನ್ನ ಯೋಗ್ಯತೆಯ ಹತ್ತಿರ ಇಳಿದಿದೆ. ತಂಗಿಯ ಮಗ ಕೆಲಸದ ಮೇಲೆ ಲಂಡನ್ನಿಗೆ ಹೊರಟಿದ್ದಾನೆ. ವಾಪಸು ಬರುವಾಗ ಸೂಟ್‌ಕೇಸಿನಲ್ಲಿ ಎಷ್ಟು ಕೇಜಿ ಖಾಲಿ ಇರುತ್ತದೆ ಎಂದು ನಿನ್ನೆ ಫೋನ್ ಮಾಡಿ ವಿಚಾರಿಸಿದೆ.

“ಯಾವ ಪುಸ್ತಕ ಮಾವ? ಫೋನಲ್ಲೇ ನೂರು ರೂಪಾಯಿಗೆ ಸಿಗುತ್ತೆ, ಈಗಲೇ ಕಳಿಸ್ಲಾ?”

ಪುಸ್ತಕವೇ ಬೇಕು, ಅದೇ ಅಂಗಡಿಯದೇ ಬೇಕು, ದುಡ್ಡು ನಾನು ಹಾಕುತ್ತೇನೆ, ಸೂಟ್‌ಕೇಸಿಗೆ ಬೇಡ, ಕೈಚೀಲದಲ್ಲೇ ತಾ ಎಂದು ಬಿಡಿಸಿ ಹೇಳಿದೆ. ಒಳ್ಳೆಯ ಹುಡುಗ, ಎಲ್ಲಕ್ಕೂ ಹ್ಞೂಂಗುಟ್ಟಿದ. ಕೊನೆಗೆ, “ಒಳ್ಳೇದೇ ಆಯ್ತು ಬಿಡಿ ಮಾವ, ಫ್ಲೈಟಲ್ಲಿ ಹತ್ತು ಗಂಟೆ ಬೋರ್ ಹೊಡೆಯುತ್ತೆ, ಬರ್ತಾ ಅದನ್ನೇ ಓದ್ಕೊಂಡು ಬರ್ತೀನಿ” ಅಂದ.

ನನ್ನ ಎದೆ ಧಸಕ್ಕೆಂದಿತು. ಕಿಟಕಿ ಪಕ್ಕದ ಸೀಟು, ಟೊಮೆಟೊ ಜ್ಯೂಸು, ಅವನ ಚಿಪ್ಸ್ ಬೆರಳು ಎಲ್ಲ ಕಣ್ಮುಂದೆ ಬಂದವು. ಬೇಡ ಕಣೋ, ಅದು ನಿನಗೆ ಹಿಡಿಸೋದಿಲ್ಲ, ಭಾರಿ ಬೋರು, ಕೊಲೆಗಾರ ಯಾರಂತ ಬೇಕಿದ್ದರೆ ಈಗಲೇ ಹೇಳಿಬಿಡ್ತೀನಿ ಅಂದೆ.