ಮೊದಲು ನನ್ನ ಮೇಲಿನ ಇಸ್ತ್ರಿ ಬಟ್ಟೆ ತೆಗಿ
(ಮನೆಯ ಹೊಲಿಗೆ ಮಿಷನ್ನಿನ ಜೊತೆ ಒಂದು ಕಾಲ್ಪನಿಕ ಸಂದರ್ಶನ)

ಹೋದ ತಿಂಗಳು ನನಗೊಂದು ಹುಚ್ಚು ಹಿಡಿಯಿತು. ಎರಡು ಬೆಡ್‌ರೂಮಿನ ಈ ಮನೆಯಲ್ಲಿ ನನ್ನದೇ ಅನ್ನುವ ಒಂದು ಕ್ರಾಫ್ಟ್ ಮೂಲೆ ಬೇಕು. ಸೀರೆಗೆ ಕುಚ್ಚು ಕಟ್ಟಲು, ಫಾಲ್ ಹಾಕಲು, ಮಣಿ ಪೋಣಿಸಲು, ಮನಸ್ಸು ಬಂದಾಗ ಒಂದು ದಿಂಬಿನ ಕವರು ಹೊಲಿಯಲು. ಅದೂ ಕಡಿಮೆ ಖರ್ಚಿನಲ್ಲಿ. ಕಡಿಮೆ ಖರ್ಚು ಮಾಡುವುದು ಹೇಗೆ ಅಂತ ಹೇಳಿಕೊಡುವ ವಿಡಿಯೊಗಳನ್ನು ರಾತ್ರಿ ಹನ್ನೊಂದರವರೆಗೂ ಕೂತು ನೋಡಿದೆ. ಮೂರು ವಾರದಲ್ಲಿ 4,860 ರೂಪಾಯಿ ಖರ್ಚಾಯಿತು. ಹೊಲಿದದ್ದು ಏನೂ ಇಲ್ಲ.

ಭಾನುವಾರ ಮಧ್ಯಾಹ್ನ ಹಾಲಿನ ಮೂಲೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳ ನಡುವೆ ಕೂತು ಈ ಲೆಕ್ಕ ಹಾಕುತ್ತಿದ್ದಾಗ, ಇಸ್ತ್ರಿಗೆ ಹೋಗಬೇಕಾದ ಬಟ್ಟೆಯ ರಾಶಿಯ ಕೆಳಗಿನಿಂದ ಯಾರೋ ಕೆಮ್ಮಿದ ಹಾಗಾಯಿತು. ವರ್ಷಗಟ್ಟಲೆ ಎಣ್ಣೆ ಕಾಣದ ಕೆಮ್ಮು. ನಮ್ಮ ಅತ್ತೆಯವರ ಕಾಲಲ್ಲಿ ತುಳಿಯುವ ಮಿಷನ್ನು. 1971ರಲ್ಲಿ ಅವರ ಮದುವೆಯಾದಾಗ ಶಿವಮೊಗ್ಗದ ತವರಿನಿಂದ ಬಳುವಳಿಯಾಗಿ ಬೆಂಗಳೂರಿಗೆ ಬಂದದ್ದು. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಅವರ ದನಿ ಮಾತ್ರ ಇದರೊಳಗೆ ಭದ್ರವಾಗಿದೆ ಅಂತ ಅವತ್ತೇ ನನಗೆ ಗೊತ್ತಾದದ್ದು. ಸಂದರ್ಶನಕ್ಕೆ ಒಪ್ಪಿತು. ಷರತ್ತು ಒಂದೇ, ಅದು ಮೇಲೆ ಶೀರ್ಷಿಕೆಯಲ್ಲಿದೆ.

ನಾನು: ನಮಸ್ಕಾರ. ಹೇಗಿದ್ದೀರಿ?

ಮಿಷನ್ನು: ನಿನ್ನ ಗಂಡನ ಮೂರು ಪ್ಯಾಂಟು, ಎರಡು ಬೆಡ್‌ಶೀಟು, ಅದರ ಮೇಲೊಂದು ಕೊಡೆ. ಹೇಗಿರ್ತೀನಿ ಮಾರಾಯ್ತಿ? ಹೊತ್ತುಕೊಂಡಿದ್ದೀನಿ.

ನಾನು: ನಿಮ್ಮ ಮನೆತನದ ಬಗ್ಗೆ ಓದುಗರಿಗೆ ಸ್ವಲ್ಪ ಹೇಳಿ.

ಮಿಷನ್ನು: ದೊಡ್ಡ ಮನೆತನ, ಹುಟ್ಟಿದ್ದೇ ಜಗಳದಲ್ಲಿ. ಪ್ಯಾರಿಸ್ಸಿನಲ್ಲಿ ಥಿಮೊನಿಯೆ ಅಂತ ಒಬ್ಬ ದರ್ಜಿ, ಸೈನಿಕರ ಬಟ್ಟೆ ಹೊಲಿಯೋದಕ್ಕೆ ಸುಮಾರು ಎಂಬತ್ತು ಮಿಷನ್ನು ಜೋಡಿಸಿಟ್ಟಿದ್ದ. 1831ರಲ್ಲಿ ಊರಿನ ದರ್ಜಿಗಳೆಲ್ಲ ನುಗ್ಗಿ ಪುಡಿಪುಡಿ ಮಾಡಿದರು, ನಮ್ಮ ಹೊಟ್ಟೆ ಮೇಲೆ ಹೊಡೀತಾನೆ ಅಂತ. ಆಮೇಲೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ತಗೊಂಡ. ಸೂಜಿಯ ಕಣ್ಣನ್ನ ಬುಡದಿಂದ ತುದಿಗೆ ತಂದದ್ದು ಅಲ್ಲಿ ದೊಡ್ಡ ಉಪಾಯ. 1851ರಲ್ಲಿ ಐಸಾಕ್ ಸಿಂಗರ್ ಬಂದ. ಅವನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಅಂತ ಒಬ್ಬ ವಕೀಲ. ಮಿಷನ್ನು ಮೊದಲು ಮನೆಗೆ ಹೋಗಲಿ, ದುಡ್ಡು ತಿಂಗಳು ತಿಂಗಳು ಕಂತಿನಲ್ಲಿ ಬರಲಿ ಅಂದವನು ಅವನು.

ನಾನು: ಅಂದರೆ ಈಗಿನ ಇಎಂಐ…

ಮಿಷನ್ನು: ನಮ್ಮ ಮನೆಯವರೇ ಕಲಿಸಿದ್ದು. ಡಬ್ಬಿಗೆ ಅಂಟಿಸೋ ಚೀಟಿ ಅಚ್ಚು ಹಾಕೋ ಆ ಪುಟ್ಟ ಯಂತ್ರ ನಿನಗೆ ಮೂರು ಕಂತಿನಲ್ಲಿ ಬಂತಲ್ಲ, ಕ್ಲಾರ್ಕನಿಗೆ ಒಂದು ದೀಪ ಹಚ್ಚು.

ನಾನು: ಗಾಂಧೀಜಿ ಯಂತ್ರಗಳನ್ನು ಅಷ್ಟು ಟೀಕಿಸುತ್ತಿದ್ದರು. ನಿಮಗೆ ಮಾತ್ರ ವಿನಾಯಿತಿ ಕೊಟ್ಟಿದ್ದರಂತೆ?

ಮಿಷನ್ನು: ಕೊಟ್ಟಿದ್ದರು, 1924ರಲ್ಲಿ. ಸಿಂಗರ್ ತನ್ನ ಹೆಂಡತಿ ಕೂತು ಕೂತು ಹೊಲಿಯೋ ಕಷ್ಟ ನೋಡಲಾರದೆ ಪ್ರೀತಿಯಿಂದ ಇದನ್ನ ಕಂಡುಹಿಡಿದ ಅಂತ ನಂಬಿದ್ದರು ಪಾಪ. ಯಾವ ಹೆಂಡತಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ ಅಂತ ಕಾಣುತ್ತೆ. ಆ ಪುಣ್ಯಾತ್ಮನಿಗೆ ನಾಲ್ಕಾರು ಸಂಸಾರ, ಇಪ್ಪತ್ತಕ್ಕೂ ಮೇಲೆ ಮಕ್ಕಳು. ಅಷ್ಟು ಜನಕ್ಕೆ ಬಟ್ಟೆ ಹೊಲಿಸಬೇಕಲ್ಲ, ಕಂಡುಹಿಡಿಯದೆ ಇನ್ನೇನು ಮಾಡ್ತಾನೆ? ಬಿಡು, ಸರ್ಟಿಫಿಕೇಟು ಸಿಕ್ಕಿತು, ಇಟ್ಟುಕೊಂಡಿದ್ದೀವಿ.

ನಾನು: ಈ ಮನೆಗೆ ಬಂದಾಗ ನಿಮ್ಮನ್ನು ಎಲ್ಲಿ ಇಟ್ಟಿದ್ದರು?

ಮಿಷನ್ನು: ಕಿಟಕಿ ಪಕ್ಕ. ನಿನ್ನ ಅತ್ತೆ ಆಗ ಹೊಸ ಸೊಸೆ, ಯಾರ ಹತ್ತಿರವೂ ಏನೂ ಕೇಳುತ್ತಿರಲಿಲ್ಲ. ಇದೊಂದು ಮಾತ್ರ ಕೇಳಿದಳು, ಎಡಗಡೆಯಿಂದ ಬೆಳಕು ಬೀಳೋ ಹಾಗೆ ಇಡಿ ಅಂತ. ಬಲಗೈಯವರಿಗೆ ಬೆಳಕು ಎಡದಿಂದ ಬಂದರೆ ಕೈಯ ನೆರಳು ಹೊಲಿಗೆ ಮೇಲೆ ಬೀಳಲ್ಲ. ನೀನು ನಿನ್ನ ಮೂಲೆಗೆ ಮಿಣುಕುದೀಪದ ಸರ ತಂದು ಕಟ್ಟಿದ್ದೀಯ. ಫೋಟೊಗೆ ಚೆನ್ನಾಗಿದೆ. ಆ ಬೆಳಕಿನಲ್ಲಿ ಸೂಜಿಗೆ ದಾರ ಹಾಕು ನೋಡೋಣ.

ನಾನು: ಮತ್ತೆ ಕಿಟಕಿಯಿಂದ ಇಲ್ಲಿಗೆ ಹೇಗೆ ಬಂದಿರಿ?

ಮಿಷನ್ನು: 1987ರಲ್ಲಿ ಟಿವಿ ಬಂತು. ಎಲ್ಲಿ ಇಡೋದು? ಮಡಚಿದ ಮಿಷನ್ನಿಗಿಂತ ಗಟ್ಟಿ ಟೇಬಲ್ಲು ಯಾವ ಮನೆಯಲ್ಲಿತ್ತು ಆಗ! ನನ್ನ ತಲೆಯನ್ನ ನನ್ನ ಹೊಟ್ಟೆಯೊಳಗೇ ಮಡಚಿ, ಮೇಲೆ ಹಲಗೆ ಮುಚ್ಚಿ, ಕುಸುರಿ ಬಟ್ಟೆ ಹಾಸಿ, ಟಿವಿ ಕೂರಿಸಿದರು. ಆ ಬಟ್ಟೆಯ ಕುಸುರಿಯೂ ನನ್ನ ಯಜಮಾನಿದೇ. ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದರೆ ಬೀದಿಯವರೆಲ್ಲ ಬಂದು ಕೂತು ಕೈ ಮುಗಿಯೋರು. ಮೊದಲ ವಾರ ನನಗೇ ಮುಗೀತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಲ್ಯಾಂಡ್‌ಲೈನ್ ಫೋನು ಬಂತು, ಕೇಬಲ್ಲಿನ ಪೆಟ್ಟಿಗೆ ಬಂತು, ವೈಫೈ ಬಂತು. ಟಿವಿ ಗೋಡೆಗೆ ಹತ್ತಿದ ಮೇಲೆ ಇಸ್ತ್ರಿ ಬಟ್ಟೆ.

ನಾನು: ಅಷ್ಟು ವರ್ಷ ಅತ್ತೆ ಎಲ್ಲಿ ಹೊಲಿಯುತ್ತಿದ್ದರು?

ಮಿಷನ್ನು: ಮಂಚದ ಮೇಲೆ ಕೂತು, ಕೈಸೂಜಿಯಲ್ಲಿ. ಎರಡು ಗಂಟೆಗೆ ಎಲ್ಲ ಹರಡೋಳು. ನಾಲ್ಕು ಗಂಟೆಗೆ ಕಾಫಿ ಹೊತ್ತು, ಮಕ್ಕಳು ಬರ್ತಾರೆ ಅಂತ ಎಲ್ಲ ಮಡಚಿ ಗಂಟು ಕಟ್ಟಿ ಮಂಚದ ಕೆಳಗೆ ತಳ್ಳೋಳು. ಹರಡೋದಕ್ಕೆ ಇಪ್ಪತ್ತು ನಿಮಿಷ, ಸುತ್ತೋದಕ್ಕೆ ಇಪ್ಪತ್ತು. ಉಳಿದದ್ದು ಹೊಲಿಗೆ.

ನಾನು: ನನ್ನ ಮೂಲೆಯ ಬಗ್ಗೆ ನಿಮ್ಮ ಅಭಿಪ್ರಾಯ?

ಮಿಷನ್ನು: ಬೇಜಾರು ಮಾಡ್ಕೋಬೇಡ. ಹನ್ನೆರಡು ಡಬ್ಬಿ ತಂದೆ, ಹನ್ನೆರಡಕ್ಕೂ ಚೀಟಿ ಅಂಟಿಸಿದೆ. 'ಲೇಸು' ಅಂತ ಬರೆದದ್ದರಲ್ಲಿ ಏನಿದೆ?

ನಾನು: ಸದ್ಯಕ್ಕೆ ಏನಿಲ್ಲ.

ಮಿಷನ್ನು: 'ಗುಂಡಿ'?

ನಾನು: ಎರಡು ಇವೆ.

ಮಿಷನ್ನು: 'ಇತರೆ'?

ನಾನು: ಅದು ತುಂಬಿದೆ.

ಮಿಷನ್ನು: ತುಂಬದೆ ಏನು! ನಿನ್ನ ಅತ್ತೆ ಹಳೇ ಶರ್ಟು ಒರೆಸೋ ಬಟ್ಟೆ ಆಗೋ ಮೊದಲು ಗುಂಡಿಗಳನ್ನ ಕತ್ತರಿಸಿ ಹಾರ್ಲಿಕ್ಸ್ ಬಾಟಲಿಗೆ ಹಾಕೋಳು. ಗಾಜಿನದು, ಒಳಗಿರೋದು ಕಾಣುತ್ತೆ. ಹುಕ್ಕುಗಳಿಗೆ ಕ್ಯಾಮೆರಾ ರೀಲಿನ ಪುಟ್ಟ ಡಬ್ಬಿ. ಕತ್ತರಿಗೆ ಗೋಡೆಯಲ್ಲೊಂದು ಮೊಳೆ. ನೀನು ಗೋಡೆಗೆ ಹಾಕೋ ಆ ತೂತಿನ ಹಲಗೆಗೆ 1,650 ಕೊಟ್ಟೆ, ಈಗ ಅದರಲ್ಲೂ ನೇತಾಡ್ತಿರೋದು ಒಂದು ಕತ್ತರಿ. ನಿನ್ನ ಡಬ್ಬಿಗಳೋ, ಬೂದು ಬಣ್ಣ. ಒಳಗೇನಿದೆ ತಿಳಿಯೋದಕ್ಕೆ ಚೀಟಿ ಓದಬೇಕು, ಓದೋದಕ್ಕೆ ಕನ್ನಡಕ ಬೇಕು, ಕನ್ನಡಕ ಯಾವ ಡಬ್ಬಿಯಲ್ಲಿದೆ ಅನ್ನೋದಕ್ಕೆ ಚೀಟಿ ಇಲ್ಲ.

ನಾನು: ಮನೆಯಲ್ಲಿರುವ ವಸ್ತುಗಳನ್ನೂ ಬಳಸಿದ್ದೇನಲ್ಲ? ಇಡ್ಲಿ ತಟ್ಟೆ…

(ಇಲ್ಲಿ ಮಿಷನ್ನಿನ ಚಕ್ರ ತಾನಾಗಿ ಎರಡು ಸುತ್ತು ತಿರುಗಿತು. ನಕ್ಕದ್ದು ಅಂತ ಆಮೇಲೆ ತಿಳಿಯಿತು. ವಿಷಯ ಇಷ್ಟು: ಯಾವುದೋ ದೇಶದ ವಿಡಿಯೊದಲ್ಲಿ ಕೇಕಿನ ಗುಳಿತಟ್ಟೆಯಲ್ಲಿ ಮಣಿಗಳನ್ನು ಬಣ್ಣಬಣ್ಣವಾಗಿ ವಿಂಗಡಿಸಿ ಇಟ್ಟಿದ್ದರು. ನಮ್ಮ ಮನೆಯಲ್ಲಿ ಗುಳಿಗುಳಿಯಾಗಿರುವುದು ಇಡ್ಲಿ ತಟ್ಟೆ ತಾನೇ ಅಂತ ಅದರಲ್ಲಿ ಸಾಸಿವೆ ಗಾತ್ರದ ಹವಳಬಣ್ಣದ ಮಣಿ ಸುರಿದೆ. ಇಡ್ಲಿ ತಟ್ಟೆಗೆ ಹಬೆ ಬರಲು ತೂತಿರುತ್ತದೆ ಅನ್ನುವುದು ಇಪ್ಪತ್ನಾಲ್ಕು ವರ್ಷದಿಂದ ಇಡ್ಲಿ ಮಾಡುತ್ತಿರುವ ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಸೋಫಾದ ಕೆಳಗೆ ಈಗಲೂ ಸಿಗುತ್ತಿವೆ. ಒಂದು ಸಾಂಬಾರಿನಲ್ಲಿ ಸಿಕ್ಕಿತು.)

ಮಿಷನ್ನು: ಪಡ್ಡಿನ ಕಾವಲಿ ತಗೋಬೇಕಿತ್ತು. ಗುಳಿಯೂ ಉಂಟು, ತೂತೂ ಇಲ್ಲ. ಮೇಲೆ ಮುಚ್ಚಳ ಬೇರೆ.

ನಾನು: ಅವೆನ್ಯೂ ರೋಡಿನ ರಾಜಾ ಮಾರ್ಕೆಟ್ಟಿಗೆ ಹೋಗಿ ಬಂದದ್ದಾದರೂ ಸರಿಯೇ? ಅಂಗಡಿ ಬೆಲೆಗಿಂತ ಎಷ್ಟೋ ಕಡಿಮೆ.

ಮಿಷನ್ನು: ಅವೆನ್ಯೂ ರೋಡಿನ ಬಗ್ಗೆ ನನಗೆ ಗೌರವ ಇದೆ. ಮಣಿ, ಲೇಸು, ಜರಿ ಎಲ್ಲ ಅಲ್ಲಿ ಅಗ್ಗ. ಅಲ್ಲೇ ಅಪಾಯ. ಕುಚ್ಚಿಗೆ ಅಂತ ನಲವತ್ತು ಬಣ್ಣದ ರೇಷ್ಮೆ ದಾರ ತಂದೆ. ನಿನ್ನ ಹತ್ತಿರ ಕುಚ್ಚು ಕಟ್ಟದ ಸೀರೆ ಎಷ್ಟಿವೆ?

ನಾನು: ಆರು.

ಮಿಷನ್ನು: ಸೀರೆಯ ಸೆರಗು ಕೈಯಲ್ಲಿ ಹಿಡ್ಕೊಂಡು ಹೋಗಿ ಅದಕ್ಕೆ ಹೊಂದೋ ಎರಡು ಉಂಡೆ ದಾರ ತಂದರೆ ಖರ್ಚು ಎಷ್ಟಾಗುತ್ತಿತ್ತು? ಕಡಿಮೆ ಬೆಲೆಗೆ ಕೊಳ್ಳೋದು ಬೇರೆ, ಕಡಿಮೆ ಕೊಳ್ಳೋದು ಬೇರೆ ಕಣೇ. ಮೊದಲನೇದನ್ನ ಅಲ್ಲಿನ ಅಂಗಡಿಯವರು ಕಲಿಸ್ತಾರೆ. ಎರಡನೇದನ್ನ ಕಲಿಸಿದರೆ ಅವರಿಗೇನು ಲಾಭ?

ನಾನು: ಆದರೂ ಅಚ್ಚುಕಟ್ಟಾದ ಜಾಗ ಇದ್ದರೇ ಕೆಲಸ ಮಾಡುವ ಹುಮ್ಮಸ್ಸು ಬರುವುದು.

ಮಿಷನ್ನು: ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯೋದು ಕೇಳಿದ್ದೀಯಾ? ಹಳೇ ಸೀರೆ, ಹರಿದ ಅಂಗಿಯ ತುಂಡುಗಳೇ ಸಾಮಾನು. ಅಂಚಿನಿಂದ ಶುರುಮಾಡಿ ಸುತ್ತ ಸುತ್ತ ಹೊಲೀತಾ ನಡುವಿಗೆ ಬರ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಒಂದೊಂದು ಹೂವಿನಂಥದ್ದು ಇಡ್ತಾರೆ, ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತ ಅವರ ಲೆಕ್ಕ. ಮೊಳೆ ಇಲ್ಲ, ಮೇಜಿಲ್ಲ, ನಾನೂ ಇಲ್ಲ. ಧಾರವಾಡದವರ ಕಸೂತಿ ನೋಡು, ಬಟ್ಟೆಯ ಎಳೆ ಎಣಿಸಿಕೊಂಡು ಒಂದು ಗಂಟೂ ಹಾಕದೆ ತೇರು, ಗೋಪುರ ಎಬ್ಬಿಸ್ತಾರೆ. ಹಾಗಂತ ನೀನೂ ನೆಲದ ಮೇಲೆ ಕೂರು ಅಂತ ನಾನು ಹೇಳ್ತಿಲ್ಲ. ನಿನ್ನ ಮಂಡಿಯ ಸದ್ದು ನನಗೂ ಕೇಳುತ್ತೆ.

ನಾನು: ಮತ್ತೆ ಏನು ಬೇಕು ಅಂತ ನೀವು ಹೇಳುವುದು?

ಮಿಷನ್ನು: ನನ್ನ ಬಲಗಡೆ ಡ್ರಾಯರ್ ತೆಗಿ.

(ತೆಗೆಯಲು ಚಪ್ಪಲಿ ಸ್ಟ್ಯಾಂಡು ಸರಿಸಬೇಕಾಯಿತು. ಈ ಮನೆಗೆ ಬಂದಂದಿನಿಂದ ಆ ಡ್ರಾಯರನ್ನು ನಾನು ತೆಗೆದೇ ಇರಲಿಲ್ಲ. ಒಳಗೆ ಐದು ಬಾಬಿನ್, ಉಗುರಿನಷ್ಟು ಸವೆದ ಸೀಮೆಸುಣ್ಣ, 14 ನಂಬರಿನ ಸೂಜಿಯ ಪೊಟ್ಟಣ, ಮೊದಲ ನಾಲ್ಕು ಇಂಚು ಅಳಿಸಿಹೋದ ಟೇಪು. ಕೆಳಗೆ ಮಡಚಿಟ್ಟ ಹಸಿರು ಲಂಗ. ಅಂಚು ಅರ್ಧದವರೆಗೆ ಮಡಚಿ ಹೊಲಿದಿದೆ. ಅರ್ಧದಲ್ಲಿ ಒಂದು ಗುಂಡುಸೂಜಿ, ತುಕ್ಕು ಹಿಡಿದು ಬಟ್ಟೆಗೆ ಕಂದು ಚುಕ್ಕೆ ಬಿದ್ದಿದೆ.)

ನಾನು: ಇದು ಯಾರದು?

ಮಿಷನ್ನು: ನಿನ್ನ ನಾದಿನಿದು. ಆಗ ಎಂಟು ವರ್ಷ ಅವಳಿಗೆ. ಟಿವಿ ಬಂದ ದಿನ ಸೂಜಿಯ ಕೆಳಗೆ ಇತ್ತು. ಒಂದು ಗಳಿಗೆ ತೆಗೆದಿಡು, ಆಮೇಲೆ ಹೊಲಿದರಾಯಿತು ಅಂದರು. ತೆಗೆದಿಟ್ಟಳು.

ನಾನು: ಈಗ ಅವಳಿಗೆ ಮೊಮ್ಮಗು ಆಗುವ ವಯಸ್ಸು.

ಮಿಷನ್ನು: ಹ್ಞೂಂ. ಈಗ ನಿನ್ನ ಪ್ರಶ್ನೆಗೆ ಬರೋಣ. 2020ರಲ್ಲಿ ನಿನ್ನ ಗಂಡನ ಆಫೀಸು ಮನೆಗೆ ಬಂತು. ಮೇಜು ಬಂತು, 11,000 ಕೊಟ್ಟು ಕುರ್ಚಿ ಬಂತು. ಅದಕ್ಕೆ ಬಜೆಟ್ಟು ಅಂತ ಈ ಮನೆಯಲ್ಲಿ ಯಾರಾದರೂ ಬಾಯಿ ಬಿಟ್ಟರಾ? ಊಟದ ಹೊತ್ತಾಯಿತು, ನಿನ್ನ ಲ್ಯಾಪ್‌ಟಾಪು ಮಡಚಿ ಮಂಚದ ಕೆಳಗೆ ಇಡು ಅಂತ ಅವನಿಗೆ ಯಾರಾದರೂ ಹೇಳ್ತಾರಾ? ಅರ್ಧ ಆದ ಕೆಲಸ ಅರ್ಧದಲ್ಲೇ ಬಿದ್ದಿರಬಹುದು, ನಾಳೆ ಬಂದು ಅಲ್ಲಿಂದಲೇ ಮುಂದುವರಿಸಬಹುದು, ಅದಕ್ಕೇ ಜಾಗ ಅನ್ನೋದು. ಎರಡೂವರೆ ಅಡಿ ಅಗಲ ಇದ್ದರೂ ಸಾಕು. ನೀನು ಕೊಂಡದ್ದೆಲ್ಲ ಕೆಲಸ ಮಡಚಿ ಒಳಗಿಡೋ ಸಾಮಾನು. ಮುಚ್ಚಳ, ಮುಚ್ಚಳ, ಮುಚ್ಚಳ. ಹೊಲಿಗೆ ಬಿಚ್ಚಿಕೊಂಡಿರೋದಕ್ಕೆ ಒಂದು ಮೊಳ ಜಾಗ ಈ ಮನೆಯಲ್ಲಿ ಕೇಳಿದ್ದೀಯಾ ಯಾವತ್ತಾದರೂ?

ನಾನು: ಕೇಳಬೇಕು ಅಂತ ಅನ್ನಿಸಿರಲಿಲ್ಲ. ಡಬ್ಬಿ ಕೊಳ್ಳುವುದು ಸುಲಭ.

ಮಿಷನ್ನು: ಅದು ನಿಜ. ಡಬ್ಬಿಗೆ ಗಂಡನ ಒಪ್ಪಿಗೆ ಬೇಡ, ಕಾರ್ಡು ಸಾಕು.

ನಾನು: ಕೊನೆಯ ಪ್ರಶ್ನೆ. ಕೆಲವು ಕಾಫಿ ಹೋಟೆಲಿನವರು ನಿಮ್ಮಂಥವರ ಕಬ್ಬಿಣದ ಕಾಲು ತಂದು, ಮೇಲೆ ಮರದ ಹಲಗೆ ಕೂರಿಸಿ ಗಿರಾಕಿಗಳಿಗೆ ಟೇಬಲ್ಲು ಮಾಡುತ್ತಾರೆ. ಹೋಗುವ ಆಸೆ ಇದೆಯಾ?

ಮಿಷನ್ನು: ಮೂವತ್ತು ವರ್ಷಕ್ಕೂ ಮೇಲೆ ಟೇಬಲ್ಲಾಗಿ ಇದ್ದೀನಿ, ಮತ್ತೆ ಅದೇ ಕೆಲಸಕ್ಕೆ ಕಳಿಸ್ತೀಯಾ? ಬೆಲ್ಟು ಕಿತ್ತುಹೋಗಿದೆ, ತಂದು ಹಾಕು. ಮೇಲಿನ ತೂತುಗಳಿಗೆಲ್ಲ ಒಂದೊಂದು ತೊಟ್ಟು ಎಣ್ಣೆ ಬಿಡು, ಒಂದು ರಾತ್ರಿ ಬಿಟ್ಟು ಹಳೇ ಬಟ್ಟೆ ಮೇಲೆ ಖಾಲಿ ಹೊಲಿ, ಎಣ್ಣೆ ಕಾರೋದು ನಿಲ್ಲೋವರೆಗೆ. ಆಮೇಲೆ ಕಿಟಕಿ ಹತ್ತಿರ ಎಳಿ. ಒಬ್ಬಳೇ ಎಳೀಬೇಡ, ಅವನನ್ನ ಕರಿ. ಭಾರ ಎಷ್ಟಿದೆ ಅಂತ ಅವನಿಗೂ ಗೊತ್ತಾಗಲಿ.

ಸಂದರ್ಶನ ನಡೆದು ಇವತ್ತಿಗೆ ಹನ್ನೊಂದು ದಿನ. ಬೆಲ್ಟು ಮತ್ತು ಎಣ್ಣೆಗೆ ಸೇರಿ 130 ರೂಪಾಯಿ ಆಯಿತು. ಮಿಷನ್ನು ಕಿಟಕಿಯ ಪಕ್ಕದಲ್ಲಿದೆ, ಸೂಜಿಯ ಕೆಳಗೆ ಅರ್ಧ ಹೊಲಿದ ದಿಂಬಿನ ಕವರು ನಾಲ್ಕು ದಿನದಿಂದ ಹಾಗೇ ಇದೆ, ಯಾರೂ ಮುಟ್ಟಿಲ್ಲ. ಇಸ್ತ್ರಿ ಬಟ್ಟೆಯ ರಾಶಿ ಈಗ ಆ 11,000 ರೂಪಾಯಿಯ ಕುರ್ಚಿಯ ಮೇಲಿದೆ. ಹನ್ನೆರಡು ಬೂದು ಡಬ್ಬಿಗಳು ಯಾರಿಗಾದರೂ ಬೇಕಿದ್ದರೆ ಹೇಳಿ, ಮುಚ್ಚಳ ಸಮೇತ ಕೊಡುತ್ತೇನೆ. 'ಇತರೆ' ಅಂತ ಚೀಟಿ ಇರುವುದೊಂದನ್ನು ಮಾತ್ರ ನಾನೇ ಇಟ್ಟುಕೊಳ್ಳುತ್ತೇನೆ.