ಬಿಳೂರವೇ ಮೂಲ ಫ್ರಾನ್ಸ್: ಏಕದಿನ ಪರ್ಯಟನೆಯ ಶಾಸ್ತ್ರೀಯ ಮೀಮಾಂಸೆ

ಫ್ರಾನ್ಸಿನ ಹಳ್ಳಿಗಾಡನ್ನು ಒಂದೇ ದಿನದಲ್ಲಿ ನೋಡಿ ಮುಗಿಸುವ ವಿಧಿ ಈಗಾಗಲೇ ಶಾಸ್ತ್ರಬದ್ಧವಾಗಿದೆ: ಬೆಳಿಗ್ಗೆ ಸಂತೆ, ಮಧ್ಯಾಹ್ನ ಚಿತ್ರಕಲೆ, ಇಳಿಹೊತ್ತಿಗೆ ಹಳ್ಳಿ, ನಡುನಡುವೆ ದ್ರಾಕ್ಷಿ. ಈ ವಿಧಿಯ ಮೂಲಪಾಠ ಇರುವುದು ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಬಿಳೂರದಲ್ಲಿ, ಫ್ರೆಂಚರ ಬಳಿ ಇರುವುದು ನಕಲು ಪ್ರತಿ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಇದಕ್ಕೆ ವಿರುದ್ಧವಾದ ಪುರಾವೆ ಸಿಕ್ಕಲ್ಲಿ ಅದನ್ನು ಪ್ರಕ್ಷಿಪ್ತವೆಂದು ತಿಳಿಯತಕ್ಕದ್ದು.

ಸಂತೆಯ ವಿಷಯದಲ್ಲಿ ಪೂರ್ವಪಕ್ಷದವರು ರೋಸಾ ಬೊನರ್ ಎಂಬಾಕೆಯ ‘ಕುದುರೆ ಸಂತೆ’ಯನ್ನು ಮುಂದೆ ತರುತ್ತಾರೆ. 1852ರಿಂದ 1855ರವರೆಗೆ ಬರೆದ ಈ ಚಿತ್ರದ ಅಗಲ ಐದು ಮೀಟರು. ಇದಕ್ಕಾಗಿ ಆಕೆ ಗಂಡಸರ ಉಡುಪು ತೊಟ್ಟು ಪ್ಯಾರಿಸ್ಸಿನ ಕುದುರೆ ಸಂತೆ ಸುತ್ತಿದಳು. ಇಷ್ಟು ಪಡಿಪಾಟಲು ಏಕೆ? ನಮ್ಮ ತಾಲೂಕಿನ ಮಾಡಗ್ಯಾಳದ ಕುರಿ ಸಂತೆಗೆ ಬಂದಿದ್ದರೆ ಆ ಕ್ಯಾನ್ವಾಸು ಕುರಿಯ ಮೂಗಿಗೇ ಸಾಲುತ್ತಿರಲಿಲ್ಲ. ಗಿಳಿಯ ಕೊಕ್ಕಿನಂತೆ ಬಾಗಿದ ಆ ಮೂಗಿಗಾಗಿ ಜನ ಟಗರಿಗೆ ಲಕ್ಷದ ಲೆಕ್ಕದಲ್ಲಿ ದುಡ್ಡು ಸುರಿಯುತ್ತಾರೆ. ಇನ್ನು ದಲ್ಲಾಳಿ ಟವೆಲ್ಲಿನಡಿ ಕೈಹಾಕಿ, ಎದುರಿನವನ ಬೆರಳು ಹಿಡಿದು ಭಾವ ತಿಳಿಸುವ ಪದ್ಧತಿ. ಸುತ್ತ ನಿಂತ ಐವತ್ತು ಜನಕ್ಕೆ ಕಾಣುವುದು ಅಲುಗುವ ಬಟ್ಟೆ ಮಾತ್ರ. ಅಮೂರ್ತ ಕಲೆಯನ್ನು ಯುರೋಪ್ ಕಂಡುಹಿಡಿಯಿತು ಎನ್ನುವವರು ಈ ಟವೆಲ್ಲನ್ನು ಗಮನಿಸಿಲ್ಲ.

ದ್ರಾಕ್ಷಿಯ ಪ್ರಶ್ನೆ ತುಸು ಗಹನ. ಫ್ರೆಂಚರು ತಮ್ಮ ಬಳ್ಳಿಯ ಕುಲಗೋತ್ರವನ್ನು ಬಹಳ ಹೊಗಳಿಕೊಳ್ಳುತ್ತಾರೆ. ಆದರೆ 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಅಮೆರಿಕದಿಂದ ಬಂದು ಅವರ ಬಳ್ಳಿಗಳ ಬೇರು ತಿಂದುಹಾಕಿತು. ಕಡೆಗೆ ಅಮೆರಿಕದ್ದೇ ಕಾಡುಬಳ್ಳಿಯ ಬೇರಿಗೆ ಫ್ರೆಂಚ್ ಕಡ್ಡಿ ಕಸಿ ಕಟ್ಟಿ ಮಾನ ಉಳಿಸಿಕೊಂಡರು. ಇತ್ತ ನಮ್ಮ ಕಡೆಯ ಬಾಗಗಳಲ್ಲಿಯೂ, ಬರಗಾಲ ಮತ್ತು ಸವಳು ನೀರು ತಡೆಯಲೆಂದು, ಟೆಕ್ಸಾಸ್ ಕಡೆಯ ಡಾಗ್‌ರಿಡ್ಜ್ ಬೇರಿನ ಮೇಲೆ ಥಾಮ್ಸನ್ ದ್ರಾಕ್ಷಿಯ ಕಡ್ಡಿ ಕೂರಿಸುತ್ತಾರೆ. ಅಂದರೆ ಫ್ರಾನ್ಸ್ ಮತ್ತು ಬಿಳೂರ ಒಂದೇ ತವರಿನ ಬೇರು ತಂದುಕೊಂಡ ಬೀಗರು. ಅವರು ಹಿಂಡಿ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಇವರು ಡಿಪ್ಪಿಂಗ್ ಆಯಿಲಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಎರಡು ವಾರ ಹರವಿ ಬೇದಾಣಾ, ಅಂದರೆ ಒಣದ್ರಾಕ್ಷಿ, ಮಾಡಿ ತಾಸಗಾಂವ ಪೇಟೆಗೆ ಕಳಿಸುತ್ತಾರೆ. ಎರಡರಲ್ಲೂ ಹೆಚ್ಚು ಮಿಗುವುದು ನಡುವಿನ ವ್ಯಾಪಾರಿಗೇ ಎಂಬಲ್ಲಿ ಉಭಯ ಸಂಪ್ರದಾಯಗಳಿಗೂ ಏಕಾಭಿಪ್ರಾಯವಿದೆ. ಅಕಾಲ ಮಳೆಯೊಂದು ಮಾತ್ರ ಪಕ್ಷಪಾತ ಮಾಡುವುದಿಲ್ಲ.

ಚಿತ್ರಕಲೆಯ ಕ್ಷೇತ್ರಕಾರ್ಯಕ್ಕಾಗಿ ನಾವು ಫ್ರೆಂಚ್ ಚಿತ್ರಕಾರ ಮಿಲೆಯ 1857ರ ‘ಹಕ್ಕಲು ಆಯುವವರು’ ಚಿತ್ರದ ಒಂದು ಪ್ರತಿ ಒಯ್ದಿದ್ದೆವು. ಮೂಲ ಚಿತ್ರ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಕೊಯ್ದ ಹೊಲದಲ್ಲಿ ಮೂವರು ಹೆಂಗಸರು ಉದುರಿದ ತೆನೆ ಆಯುತ್ತಿದ್ದಾರೆ. ಇದನ್ನು ಪ್ರದರ್ಶಿಸಿದಾಗ ಪ್ಯಾರಿಸ್ಸಿನ ಸಿರಿವಂತರು ಬಡವರು ದಂಗೆ ಏಳುತ್ತಾರೇನೋ ಎಂದು ಬೆದರಿದ್ದರು. ಬಿಳಿಜೋಳದ ರಾಶಿ ಮುಗಿದ ಹೊಲದಲ್ಲಿ ಹಕ್ಕಲು ಆಯುತ್ತಿದ್ದ ಅಜ್ಜಿಯೊಬ್ಬರು ನಮಗೆ ಮಾಹಿತಿದಾರರಾಗಿ ದೊರೆತರು. ಪ್ರತಿಯನ್ನು ಬಿಸಿಲಿಗೆ ಹಿಡಿದು ನೋಡಿದರು.

‘ಇಬ್ಬರು ಬಗ್ಯಾರ, ಈ ಮೂರನೇದಾಕಿ ಅರ್ಧಕ್ಕ ನಿಂತಾಳ. ನಡಾ ಹಿಡದೈತಿ ಅಕೀಗೆ. ಹಿಂದ ಕುದರಿ ಮ್ಯಾಲ ಕುಂತಾಂವ ಸಾವಕಾರ ಏನ?’

ಹೌದು, ಮೇಲ್ವಿಚಾರಕ ಇರಬೇಕು ಎಂದೆವು.

‘ಬರದಾಂವ ಇವರನ್ನ ಎಷ್ಟೊತ್ತ ಬಗ್ಗಿಸಿ ನಿಂದ್ರಿಸಿದ್ನೋ ತಮ್ಮಾ. ಕೂಲಿ ಕೊಟ್ಟಾನಿಲ್ಲೋ?’

ನೂರೈವತ್ತು ವರ್ಷಗಳ ವಿಮರ್ಶೆಯಲ್ಲಿ ಬೆಳಕು, ಬಣ್ಣ, ಘನತೆ ಎಲ್ಲದರ ಚರ್ಚೆ ಬಂದಿದೆ. ಈ ಪ್ರಶ್ನೆಗೆ ನಮ್ಮ ಕಡತದಲ್ಲಿ ಉತ್ತರವಿರಲಿಲ್ಲ. ಅಜ್ಜಿ ನಮ್ಮನ್ನೂ ಒಮ್ಮೆ ಕೆಳಗಿನಿಂದ ಮೇಲಿನ ತನಕ ನೋಡಿದ್ದರಿಂದ ಸಂದರ್ಶನವನ್ನು ಅಲ್ಲಿಗೇ ಮುಗಿಸಲಾಯಿತು.

ಹಳ್ಳಿಯ ಸೌಂದರ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಎಂಬ ಸಂಘ 1982ರಲ್ಲಿ ಹುಟ್ಟಿದೆ. ಸದಸ್ಯತ್ವಕ್ಕೆ ಊರಿನ ಜನಸಂಖ್ಯೆ 2000 ದಾಟಬಾರದು. ಬಿಳೂರ ಆ ಗೆರೆಯನ್ನು ಯಾವತ್ತೋ ದಾಟಿರುವುದರಿಂದ ಅದು ಕುರೂಪವೆಂದು ತಾಂತ್ರಿಕವಾಗಿ ಸಿದ್ಧವಾಗುತ್ತದೆ. ಫ್ರೆಂಚ್ ಹಳ್ಳಿಗೆ ಚೌಕದ ನಡುವೆ ಕಾರಂಜಿ ಲಕ್ಷಣ ಎನ್ನುವರು. ಅದು ನಿಂತಲ್ಲೇ ನಿಂತಿರುತ್ತದೆ. ಮ್ಹೈಸಾಳ ಏತ ನೀರಾವರಿಯ ಕಾಲುವೆಗೆ ಕಾಯುತ್ತ ತಲೆಮಾರು ಕಳೆದ ಈ ತಾಲೂಕಿನಲ್ಲಿ ಬೇಸಿಗೆಯ ಕಾರಂಜಿ ಟ್ಯಾಂಕರಿನ ಬೆನ್ನೇರಿ ತಾನೇ ಓಣಿಗೆ ಬರುತ್ತದೆ. ಕೊಡಗಳ ಸಾಲು ನೋಡಲು ಟಿಕೇಟಿಲ್ಲ.

ಇಷ್ಟು ಸಿದ್ಧಪಡಿಸಿದ ಮೇಲೆ ಪ್ರಬಂಧವನ್ನು ಎಲ್ಲಿ ಸಲ್ಲಿಸಬೇಕೆಂಬ ತೊಡಕು ಎದ್ದಿತು. ಡಫಳೆಯವರ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಜಿಲ್ಲೆಯ ಲೆಕ್ಕದಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ, ಭಾಷೆಯ ಲೆಕ್ಕದಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ. ಫ್ರಾನ್ಸಿನ ಆಲ್ಸೇಸ್ ಪ್ರಾಂತ 1871ರಿಂದ 1945ರೊಳಗೆ ನಾಲ್ಕು ಸಲ ಕೈಬದಲಾಯಿತಾದರೂ ಪ್ರತಿ ಸಲವೂ ಯಾರದೆಂದು ಇತ್ಯರ್ಥವಾಗುತ್ತಿತ್ತು. ನಮ್ಮಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿ ತಕರಾರಿನ ಬಗ್ಗೆ 1967ರ ಮಹಾಜನ ವರದಿ ಇದೆ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ದಾವೆಯೂ ಇದೆ. ಎರಡೂ ವಿಶ್ವವಿದ್ಯಾಲಯಗಳು ಒಪ್ಪಿದರೆ ಮೌಖಿಕ ಪರೀಕ್ಷೆಯನ್ನು ಮಾಡಗ್ಯಾಳದಲ್ಲಿ, ಟವೆಲ್ಲಿನಡಿ ನಡೆಸಬಹುದು. ಅಂಕ ಎಷ್ಟು ಬಂತೆಂದು ಮೂರನೆಯವರಿಗೆ ಗೊತ್ತಾಗುವುದು ಬೇಡ.